ಗುಳೆ ಹೊರಟ ಒಲೆ

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಹೊತ್ತೊಯ್ಯುವ ಒಲೆಯ ಇತಿಹಾಸವನ್ನು ಅರಿಯಬೇಕಾದರೆ ಗುಳೆ ಹೋಗುವ ಕುಟುಂಬಗಳ ಗಂಟುಮೂಟೆಯಿಂದಲೇ ಆರಂಭಿಸಬೇಕಾಗುತ್ತದೆ. ಸುಗ್ಗಿ ಮುಗಿದ ಮೇಲೆ, ಇಲ್ಲವೆ ಮಳೆ ಕೈಕೊಟ್ಟ ವರ್ಷಗಳಲ್ಲಿ, ಮನೆಗೆ ಬೀಗ ಹಾಕಿ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಹೊರಡುವುದನ್ನು ಇಲ್ಲಿನವರು ಗುಳೆ ಎನ್ನುತ್ತಾರೆ. ಹಾಗೆ ಹೊರಟವರು ತಗಡಿನ ಶೆಡ್ಡಿನಲ್ಲಿಯೋ ತಾಡಪತ್ರಿಯ ಗುಡಿಸಿಲಿನಲ್ಲಿಯೋ ತಿಂಗಳುಗಟ್ಟಲೆ ಇರುವಾಗ ಮೊದಲು ಹೂಡುವುದು ಒಲೆಯನ್ನೇ. ಬೇರೆ ಕಡೆ ವಿಹಾರಕ್ಕೆಂದು ಕೊಳ್ಳುವ ಸಣ್ಣ ಒಲೆ ಇಲ್ಲಿ ವರ್ಷದ ಅರ್ಧ ಭಾಗದ ಸಂಸಾರವನ್ನು ನಡೆಸುತ್ತದೆ. ಒಲೆಯನ್ನು ಹೊತ್ತೊಯ್ಯುವುದು ಬಹಳ ಹಿಂದೆಯೇ ಸಾಧ್ಯವಾಯಿತಾದರೂ, ಅದಕ್ಕೆ ಬೇಕಾದ ಇಂಧನವು ಜನರ ಜೊತೆ ನಡೆಯಲು ಕಲಿತದ್ದು ತೀರ ಈಚೆಗೆ, ಅದೂ ಅರ್ಧಂಬರ್ಧವಾಗಿ ಎಂಬುದು ಈ ಇತಿಹಾಸದ ಮುಖ್ಯ ಸಂಗತಿಯಾಗಿದೆ.

ನಡೆದಾಡುವ ಜನರ ಬೆಂಕಿಯ ಗುರುತುಗಳು ಈ ನೆಲದಲ್ಲಿ ಬಹಳ ಹಳೆಯವು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರು 1990ರ ದಶಕದಲ್ಲಿ ನಡೆಸಿದ ಉತ್ಖನನವು ಸುಮಾರು 4,000 ವರ್ಷಗಳ ಹಿಂದಿನ ನವಶಿಲಾಯುಗದ ದನಗಾಹಿಗಳ ನೆಲೆಯೊಂದನ್ನು ಹೊರತೆಗೆಯಿತು. ಅಲ್ಲಿರುವ ಬೂದಿದಿಬ್ಬವು, ಎಂದರೆ ದೊಡ್ಡಿಗಳಲ್ಲಿ ಶೇಖರವಾದ ಸಗಣಿ ಪದರಪದರವಾಗಿ ಸುಟ್ಟು ಉಳಿದ ಬೂದಿಯ ಗುಡ್ಡೆಯು, ಅಡುಗೆಯ ಬೆಂಕಿಯಿಂದ ಆದದ್ದಲ್ಲವಾದರೂ, ಸಗಣಿಗೂ ಬೆಂಕಿಗೂ ಈ ಸೀಮೆಯಲ್ಲಿ ಇರುವ ನಂಟು ಎಷ್ಟು ಹಿಂದಿನದು ಎಂಬುದನ್ನು ತೋರಿಸುತ್ತದೆ. ತಟ್ಟಿ ಒಣಗಿಸಿದ ಕುಳ್ಳು, ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಈಚಿನ ದಶಕಗಳಲ್ಲಿ ಎಲ್ಲೆಲ್ಲೂ ಹಬ್ಬಿಕೊಂಡ ಬಳ್ಳಾರಿ ಜಾಲಿ ಇವು ಇಂದಿಗೂ ಇಲ್ಲಿನ ಹಳ್ಳಿಗಳ ಉರುವಲಾಗಿ ಉಳಿದಿವೆ.

ಈ ಉರುವಲನ್ನು ನಂಬಿದ ಮೂರು ಕಲ್ಲಿನ ಒಲೆಯಲ್ಲಿ ಹೊರುವಂಥದ್ದು ಏನೂ ಇರಲಿಲ್ಲ. ಕುರಿಹಿಂಡಿನೊಡನೆ ಊರೂರು ತಿರುಗುತ್ತ, ರೈತರ ಹೊಲದಲ್ಲಿ ಗೊಬ್ಬರಕ್ಕಾಗಿ ಹಿಂಡು ತರುಬುವ ಕುರುಬ ಕುಟುಂಬಗಳು ಪಾತ್ರೆ ಪಡಗವನ್ನಷ್ಟೇ ಸಾಗಿಸಿ, ಕಲ್ಲನ್ನೂ ಕಟ್ಟಿಗೆಯನ್ನೂ ಬೀಡುಬಿಟ್ಟ ಜಾಗದಲ್ಲೇ ಹುಡುಕಿಕೊಂಡವು. ಮೈಲಾಪುರದ ಮೈಲಾರಲಿಂಗನ ಜಾತ್ರೆಗೆ, ಕೃಷ್ಣೆಯ ದಡದ ತಿಂಥಣಿ ಮೌನೇಶ್ವರನ ಜಾತ್ರೆಗೆ ಬಂದು ಬಯಲಲ್ಲಿ ಇಳಿದ ಭಕ್ತರೂ ಹಾಗೆಯೇ ಮಾಡಿದರು. ಒಲೆಯೇ ಸಾಧ್ಯವಿಲ್ಲದ ದಾರಿಗೆ ಇಲ್ಲಿನ ಹೆಣ್ಣುಮಕ್ಕಳು ಕಂಡುಕೊಂಡ ಉಪಾಯವು ಇನ್ನೂ ಜಾಣತನದ್ದು: ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ನೀರಿನ ಅಂಶವೆಲ್ಲ ಆರುವವರೆಗೆ ಕಾಯಿಸಿದರೆ ಆಗುವ ಕಟಕ ರೊಟ್ಟಿಯು ವಾರಗಟ್ಟಲೆ ಕೆಡುವುದಿಲ್ಲ, ಶೇಂಗಾ ಹಿಂಡಿ ಜೊತೆಗಿದ್ದರೆ ಬುತ್ತಿ ಬಿಚ್ಚಿದಲ್ಲೇ ಊಟ ಮುಗಿಯುತ್ತದೆ. ಇಂಧನವನ್ನೆಲ್ಲ ಮನೆಯಲ್ಲೇ ವೆಚ್ಚ ಮಾಡಿ, ಅದರ ಫಲವನ್ನು ಮಾತ್ರ ಹೊತ್ತೊಯ್ಯುವ ಈ ಪದ್ಧತಿಯನ್ನು ಪ್ರಯಾಣದ ಅಡುಗೆಯ ಚರಿತ್ರೆಗಳು ಗಮನಿಸದೆ ಹೋಗಿರುವುದು ದೊಡ್ಡ ಲೋಪವೇ ಸರಿ.

1840ರ ದಶಕದಲ್ಲಿ ಸುರಪುರ ಸಂಸ್ಥಾನದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಅವರ ಕಾಲದ ಡೇರೆಗಳಿಗೂ ಕಟ್ಟಿಗೆಯೇ ಗತಿಯಾಗಿತ್ತು. ಸೀಮೆಎಣ್ಣೆಯು ವ್ಯಾಪಾರದ ಸರಕಾಗಿ ಜಗತ್ತಿನಲ್ಲಿ ಹರಡಿದ್ದು 1850ರ ದಶಕದ ಅನಂತರ. ಮುಂಬೈ ಕಡೆಯಿಂದ ಬಂದ ರೈಲು ಹಳಿಯು 1871ರಲ್ಲಿ ಯಾದಗಿರಿಯನ್ನು ಹಾದು ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿಕೊಂಡಿತು. ದೂರದ ಸರಕು ಒಳನಾಡಿಗೆ ಬರಲೂ, ಮುಂದೆ ಇಲ್ಲಿನ ಜನ ದೂರದ ಊರುಗಳಿಗೆ ದುಡಿಯಲು ಹೋಗಲೂ ದಾರಿ ಮಾಡಿಕೊಟ್ಟದ್ದು ಈ ಹಳಿಯೇ. ಉತ್ತರ ಕರ್ನಾಟಕದವರು ಚಿಮಣಿ ಎಣ್ಣೆ ಎಂದು ಕರೆದ ಸೀಮೆಎಣ್ಣೆಯು ಮೊದಲು ದೀಪಕ್ಕೆ, ಬಹುಕಾಲದ ಮೇಲೆ ಒಲೆಗೆ ಬಂದಿತು.

ಒಲೆಯ ಮಟ್ಟಿಗೆ ನಿರ್ಣಾಯಕವಾದದ್ದು 1892. ಆ ವರ್ಷ ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಅವರು ರೂಪಿಸಿದ ಪ್ರೈಮಸ್ ಒಲೆಯು ಬತ್ತಿಯನ್ನು ಕೈಬಿಟ್ಟು, ಎಣ್ಣೆಯನ್ನು ಉರಿಸುವ ಮೊದಲೇ ಆವಿಯಾಗಿಸಿತು. ಹಿತ್ತಾಳೆಯ ತೊಟ್ಟಿಗೆ ಪಂಪಿನಿಂದ ಗಾಳಿ ತುಂಬಿದಾಗ ಒತ್ತಡಕ್ಕೆ ಸಿಕ್ಕ ಎಣ್ಣೆ ಮೇಲೇರುತ್ತದೆ. ಬರ್ನರಿನ ಬುಡದ ಬಟ್ಟಲಲ್ಲಿ ಸ್ವಲ್ಪ ಸ್ಪಿರಿಟ್ ಉರಿಸಿ ಕಾಯಿಸಿದ ಕೊಳವೆಯಲ್ಲಿ ಅದು ಆವಿಯಾಗಿ, ನಿಪ್ಪಲ್ ಎಂಬ ಸೂಜಿಮೊನೆಯಷ್ಟು ಸಣ್ಣ ರಂಧ್ರದಿಂದ ಚಿಮ್ಮಿ, ಗಾಳಿಯೊಡನೆ ಬೆರೆತು ಹೊಗೆಯಿಲ್ಲದ ನೀಲಿ ಉರಿಯಾಗುತ್ತದೆ. ನಾನ್ಸೆನ್, ಅಮುಂಡ್ಸೆನ್ ಅವರ ಧ್ರುವಯಾತ್ರೆಗಳಲ್ಲಿ ಹೆಸರು ಮಾಡಿದ ಈ ಒಲೆಯೇ ಭಾರತದ ಮನೆಗಳಲ್ಲಿ ಪಂಪ್ ಸ್ಟೌ ಆಯಿತು. ಮಸಿ ಕಟ್ಟಿದ ನಿಪ್ಪಲ್ಲನ್ನು ಬಿಡಿಸುವ ಪಿನ್ನು, ಒಣಗಿದ ಪಂಪಿನ ಚರ್ಮದ ವಾಷರು, ಇವೆರಡನ್ನೂ ಬದಲಿಸಬಲ್ಲ ರಿಪೇರಿಯವರು ಊರೂರಲ್ಲಿ ಇದ್ದುದರಿಂದಲೇ ಅದು ಇಷ್ಟು ಕಾಲ ಬಾಳಿತು. ಒತ್ತಡದ ಗೊಡವೆಯಿಲ್ಲದ ಬತ್ತಿ ಸ್ಟೌ ಇನ್ನೂ ಅಗ್ಗವಾಗಿತ್ತು; ಅದರ ಉರಿ ಮಂದ, ಪಾತ್ರೆಯ ತಳಕ್ಕೆ ಮಸಿ.

ಇಷ್ಟೆಲ್ಲ ಅನುಕೂಲವಿದ್ದ ಸೀಮೆಎಣ್ಣೆಗೆ ಎರಡು ದೋಷಗಳಿದ್ದವು. ಮೊದಲನೆಯದು ಸುಡುವ ಅಪಾಯ. ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುವಷ್ಟು ಆವಿ ಏಳುವ ಕನಿಷ್ಠ ಉಷ್ಣತೆಗೆ ಜ್ವಲನಬಿಂದು ಎನ್ನುತ್ತಾರೆ. ಭಾರತೀಯ ಮಾನಕದ ಪ್ರಕಾರ ಸೀಮೆಎಣ್ಣೆಯಲ್ಲಿ ಅದು 35 ಡಿಗ್ರಿ ಸೆಲ್ಸಿಯಸ್ಸಿಗಿಂತ ಕಡಿಮೆ ಇರಬಾರದು. ತಂಪು ದೇಶದಲ್ಲಿ ಇದು ಸಾಕಷ್ಟು ಅಂತರವೆನಿಸಬಹುದು, ಆದರೆ ಬೇಸಗೆಯ ಬಿಸಿಲು 40 ಡಿಗ್ರಿ ದಾಟುವ ಯಾದಗಿರಿಯಲ್ಲಿ ಸುತ್ತಲಿನ ಗಾಳಿಯೇ ಆ ಗೆರೆಯನ್ನು ಮೀರಿರುತ್ತದೆಯಾದ್ದರಿಂದ ಉರಿಯುವ ಸ್ಟೌವಿಗೆ ಎಣ್ಣೆ ಸುರಿಯುವ ಅಭ್ಯಾಸ ಇಲ್ಲಿ ಮತ್ತಷ್ಟು ಘೋರ. ಇದರ ಜೊತೆಗೆ, ಸ್ಟೌ ಸಿಡಿದು ಸತ್ತಳು ಎಂಬ ಮಾತಿನ ಮರೆಯಲ್ಲಿ ವರದಕ್ಷಿಣೆಗಾಗಿ ಕೊಂದ ಎಷ್ಟೋ ಸಾವುಗಳು ಮುಚ್ಚಿಹೋದವು. ಭಾರತೀಯ ದಂಡಸಂಹಿತೆಗೆ 1983ರಲ್ಲಿ 498ಎ, 1986ರಲ್ಲಿ 304ಬಿ ಕಲಮುಗಳನ್ನು ಸೇರಿಸಿದ್ದರ ಹಿಂದೆ ಆ ಹೆಣ್ಣುಮಕ್ಕಳ ಸಂಕಟವಿದೆ. ಪಂಪ್ ಸ್ಟೌವಿನ ಚರಿತ್ರೆಯನ್ನು ಇದನ್ನು ಬಿಟ್ಟು ಬರೆಯುವುದು ನ್ಯಾಯವಲ್ಲ.

ಎರಡನೆಯ ದೋಷವು ಎಣ್ಣೆಯದಲ್ಲ, ಅದನ್ನು ಹಂಚಿದ ವ್ಯವಸ್ಥೆಯದು. ಸಹಾಯಧನದ ಸೀಮೆಎಣ್ಣೆ, ಕಳ್ಳಸಾಗಣೆ ತಡೆಯಲೆಂದು ನೀಲಿ ಬಣ್ಣ ಬೆರೆಸಿದ ಆ ಎಣ್ಣೆ, ರೇಷನ್ ಕಾರ್ಡು ನೋಂದಣಿಯಾದ ಊರಿನ ನ್ಯಾಯಬೆಲೆ ಅಂಗಡಿಯಲ್ಲಿ ಮಾತ್ರ ಸಿಗುತ್ತಿತ್ತು. ಶಹಾಪುರದ ಹಳ್ಳಿಯೊಂದರ ಕಾರ್ಡು ಹಿಡಿದು ಬೆಂಗಳೂರಿನಲ್ಲಿ ಕೆಲಸ ಮಾಡುವ ಕುಟುಂಬವು ಊರಿಂದ ತಂದ ಸ್ಟೌವಿಗೆ ಹೊರಗಿನ ದರದ ಎಣ್ಣೆಯನ್ನು ಹೊಯ್ಯಬೇಕಾಯಿತು, ಇಲ್ಲವೆ ಕಟ್ಟಡದ ಸೆಂಟ್ರಿಂಗ್ ಕೆಲಸದಲ್ಲಿ ಮಿಕ್ಕ ಹಲಗೆಯ ಚೂರುಗಳನ್ನು ಮೂರು ಇಟ್ಟಿಗೆಗಳ ನಡುವೆ ಉರಿಸಬೇಕಾಯಿತು. ಸಹಾಯಧನವೂ 2016ರಿಂದ ಹಂತಹಂತವಾಗಿ ಇಳಿದು 2020ರ ಹೊತ್ತಿಗೆ ಇಲ್ಲವಾಯಿತು. ಅದೇ 2020ರ ಜನವರಿಯಲ್ಲಿ ‘ಒಂದು ದೇಶ ಒಂದು ಪಡಿತರ ಚೀಟಿ’ ಯೋಜನೆಯೊಳಗೆ ಕರ್ನಾಟಕವೂ ಬಂದು, ಕಾರ್ಡುದಾರರು ಬೇರೆ ಊರಿನಲ್ಲಿಯೂ ಧಾನ್ಯ ಪಡೆಯುವುದು ಸಾಧ್ಯವಾಯಿತು. ಅಕ್ಕಿ ಅವರ ಜೊತೆ ನಡೆಯತೊಡಗಿತಾದರೂ ಅದನ್ನು ಬೇಯಿಸುವ ಉರಿಯು ಆ ಯೋಜನೆಯ ಲೆಕ್ಕದೊಳಗೆ ಬರಲಿಲ್ಲ.

ಒಲೆಯ ಸುಧಾರಣೆಗೆ ದುಡಿದ ತಜ್ಞರ ಕಣ್ಣಮುಂದೆಯೂ ಇದ್ದುದು ನೆಲೆನಿಂತ ಮನೆಯೇ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಅಸ್ತ್ರ ಒಲೆಯು ಕಟ್ಟಿಗೆಯನ್ನು ಬಹಳ ಉಳಿಸಿತು, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸಿತು. ಆದರೆ ಅದು ಅಡುಗೆಮನೆಯ ನೆಲಕ್ಕೆ ಕಟ್ಟುವ ಮಣ್ಣಿನ ಒಲೆ. ಗ್ಯಾಸ್ ಸಂಪರ್ಕವೂ ವಿಳಾಸದ ದಾಖಲೆಯನ್ನು ಕೇಳುತ್ತಿತ್ತು, 14.2 ಕಿಲೋ ಅನಿಲದ ಸಿಲಿಂಡರು ಖಾಲಿಯಿದ್ದಾಗಲೂ ಒಬ್ಬರು ಸುಲಭವಾಗಿ ಹೊರುವಂಥದ್ದಲ್ಲ. ಈ ಕೊರತೆಯ ಜಾಗಕ್ಕೆ ಬಂದದ್ದು ನಗರಗಳ ಗಲ್ಲಿಗಳಲ್ಲಿ ಕಿಲೋ ಲೆಕ್ಕದಲ್ಲಿ ಅಕ್ರಮವಾಗಿ ಅನಿಲ ತುಂಬಿಕೊಡುವ, ತಲೆಯ ಮೇಲೆಯೇ ಬರ್ನರ್ ತಿರುಪಿದ ಪುಟ್ಟ ಸಿಲಿಂಡರುಗಳು. ಅಧಿಕೃತ ಸಿಲಿಂಡರಿನಲ್ಲಿ ದ್ರವ ಹಿಗ್ಗಲೆಂದು ಮೇಲ್ಭಾಗವನ್ನು ಖಾಲಿ ಬಿಟ್ಟಿರುತ್ತಾರೆ. ಅಂದಾಜಿನಲ್ಲಿ ತುಂಬಿದ ಪುಟ್ಟ ಸಿಲಿಂಡರಿನಲ್ಲಿ ಆ ಜಾಗ ಉಳಿಯುವ ಖಾತ್ರಿಯಿಲ್ಲ. ಚಳಿಗಾಲದ ಬೆಳಗಿನ 15 ಡಿಗ್ರಿಗೂ ಬೇಸಗೆಯ ತಗಡಿನ ಶೆಡ್ಡಿನ 45 ಡಿಗ್ರಿಗೂ ನಡುವೆ ಸಿಲಿಂಡರಿನೊಳಗಿನ ಒತ್ತಡ ಸರಿಸುಮಾರು ಇಮ್ಮಡಿಯಾಗುತ್ತದೆ ಎಂಬುದನ್ನು ನೆನೆದರೆ ಈ ಅಗ್ಗದ ಸರಕಿನ ನಿಜವಾದ ಬೆಲೆ ತಿಳಿಯುತ್ತದೆ.

ಕಾನೂನಿನ ಚೌಕಟ್ಟಿನೊಳಗೆ ಬಾಗಿಲು ತೆರೆದದ್ದು 2013ರ ಅಕ್ಟೋಬರಿನಲ್ಲಿ. ಆಗ ಪೆಟ್ರೋಲಿಯಂ ಸಚಿವರಾಗಿದ್ದ ವೀರಪ್ಪ ಮೊಯಿಲಿ ಅವರು 5 ಕಿಲೋ ಸಿಲಿಂಡರನ್ನು ಪೆಟ್ರೋಲ್ ಬಂಕುಗಳಲ್ಲಿ ಮಾರುವ ಯೋಜನೆಗೆ ಬೆಂಗಳೂರಿನಲ್ಲಿ ಚಾಲನೆ ಕೊಟ್ಟರು. ವಿಳಾಸದ ದಾಖಲೆಯಿಲ್ಲದೆ ಗುರುತಿನ ಚೀಟಿಯೊಂದನ್ನು ತೋರಿಸಿದರೆ ಅದು ಸಿಗುವಂತಾಯಿತು. ಇಂಡಿಯನ್ ಆಯಿಲ್ ಕಂಪನಿಯು 2020ರ ಕೊನೆಯಲ್ಲಿ ಇದಕ್ಕೆ ‘ಛೋಟು’ ಎಂಬ ಹೆಸರು ಕೊಟ್ಟಿತು. 2021ರ ಆಗಸ್ಟಿನಲ್ಲಿ ಆರಂಭವಾದ ಉಜ್ವಲ ಯೋಜನೆಯ ಎರಡನೆಯ ಹಂತದಲ್ಲಿ ವಲಸೆ ಕುಟುಂಬಗಳು ಪಡಿತರ ಚೀಟಿ, ವಿಳಾಸದ ದಾಖಲೆಗಳ ಬದಲು ಸ್ವಯಂಘೋಷಣೆ ಕೊಟ್ಟು ಸಂಪರ್ಕ ಪಡೆಯಲು ಅವಕಾಶವಾಯಿತು. ಆದರೆ ಬಂಕಿನಲ್ಲಿ ಸಿಗುವ ಚಿಕ್ಕ ಸಿಲಿಂಡರಿಗೆ ಸಹಾಯಧನವಿಲ್ಲ. ಮನೆಬಳಕೆಯ ದೊಡ್ಡ ಸಿಲಿಂಡರಿಗಿಂತ ಅದರಲ್ಲಿ ಕಿಲೋ ಅನಿಲಕ್ಕೆ ಹೆಚ್ಚು ದರ ಬೀಳುತ್ತದೆ. ಎಲ್ಲರಿಗಿಂತ ಕಡಿಮೆ ದುಡಿಮೆಯಿರುವವರು, ನೆಲೆ ಬದಲಿಸುತ್ತಾರೆ ಎಂಬ ಒಂದೇ ಕಾರಣಕ್ಕೆ, ಅದೇ ಅನಿಲಕ್ಕೆ ಹೆಚ್ಚು ತೆರಬೇಕಾದ ಈ ಏರ್ಪಾಡನ್ನು ಸರಿಪಡಿಸಲೇಬೇಕು.

ಇನ್ನು ಆಯ್ಕೆಯ ವಿಚಾರ. ಚಾರಣಿಗರಿಗಾಗಿ ಮಾರುವ ಸಣ್ಣ ಬ್ಯುಟೇನ್ ಡಬ್ಬಿಯ ಒಲೆಯು ಹಗುರವಾದದ್ದು. ಸೊನ್ನೆ ಡಿಗ್ರಿಯ ಹತ್ತಿರ ಬ್ಯುಟೇನ್ ಆವಿಯಾಗದೆ ಉರಿ ಕುಂದುವ ತೊಂದರೆಯೂ ಈ ಸೀಮೆಯಲ್ಲಿ ಇಲ್ಲ. ಆದರೆ ಅದರ ಉರಿ ಅಂಗೈಯಗಲಕ್ಕೆ ಸೀಮಿತವಾಗಿ, ಹಂಚಿನ ನಡುವೆ ರೊಟ್ಟಿ ಕರಕಾಗಿ ಅಂಚು ಹಸಿಯಾಗಿಯೇ ಉಳಿಯುತ್ತದೆ. ಅಂಥ ಒಲೆಗೆ ಗಾಳಿ ತಡೆಯಲು ಸುತ್ತಲೂ ತಗಡು ಮುಚ್ಚಿದರೆ ಕೆಳಗಿನ ಡಬ್ಬಿಯೇ ಕಾಯುವ ಅಪಾಯವೂ ಇದೆ. ಸ್ಪಿರಿಟ್ ಒಲೆ ಸರಳವಾದರೂ ತೂಕಕ್ಕೆ ತೂಕ ಸೀಮೆಎಣ್ಣೆಯ ಮೂರನೇ ಎರಡು ಪಾಲಿಗಿಂತ ಕಡಿಮೆ ಶಾಖ ಕೊಡುತ್ತದೆ, ಹಗಲ ಬೆಳಕಿನಲ್ಲಿ ಅದರ ಉರಿ ಕಣ್ಣಿಗೆ ಕಾಣುವುದೂ ಕಷ್ಟ. ದಿನವೂ ಜೋಳದ ರೊಟ್ಟಿ ಬಡಿಯುವ ಕುಟುಂಬಕ್ಕೆ ಅಗಲವಾದ ಬರ್ನರ್, ಹಂಚು ಅಲುಗದಂಥ ಗಟ್ಟಿ ಕಾಲುಗಳು, ಸಿಲಿಂಡರಿನಿಂದ ದೂರ ಇಡಲು ಪೈಪು ಇರುವ ಒಂಟಿ ಬರ್ನರಿನ ಸ್ಟೌ ಮತ್ತು 5 ಕಿಲೋ ಸಿಲಿಂಡರು ಹೆಚ್ಚು ಒಪ್ಪುವ ಜೋಡಿ. ದೊಡ್ಡ ಬರ್ನರ್ ಪೂರ್ತಿ ಉರಿಯಲ್ಲಿ ಗಂಟೆಗೆ 150ರಿಂದ 200 ಗ್ರಾಂ ಅನಿಲ ಬಳಸುತ್ತದೆ ಎಂದು ಹಿಡಿದರೆ ಒಂದು ಸಿಲಿಂಡರು 25ರಿಂದ 33 ಗಂಟೆ, ಎಂದರೆ ದಿನಕ್ಕೆ ಎರಡು ಗಂಟೆಯ ಅಡುಗೆಗೆ ಹೆಚ್ಚುಕಡಿಮೆ ಎರಡು ವಾರ ಬರುತ್ತದೆ.

ಬಳಸುವಾಗ ನೆನಪಿಡಬೇಕಾದ ಮೊದಲ ಸಂಗತಿಯೆಂದರೆ ಈ ಅನಿಲವು ಗಾಳಿಗಿಂತ ಭಾರವಾಗಿದ್ದು, ಸೋರಿದರೆ ನೆಲದ ಮಟ್ಟದಲ್ಲಿ, ಅಂದರೆ ಶೆಡ್ಡಿನಲ್ಲಿ ಮಕ್ಕಳು ಮಲಗುವ ಚಾಪೆಯ ಎತ್ತರದಲ್ಲೇ ನಿಲ್ಲುತ್ತದೆ. ಆದ್ದರಿಂದ ತಾಡಪತ್ರಿಯ ಬುಡದಲ್ಲಿ ಗಾಳಿಯಾಡುವ ದಾರಿಯಿರಬೇಕು, ಸಿಲಿಂಡರು ನೆಟ್ಟಗೆ ನಿಂತು ಸ್ಟೌ ಅದಕ್ಕಿಂತ ಮೇಲಿನ ಮಟ್ಟದಲ್ಲಿರಬೇಕು, ಸೋರಿಕೆಯನ್ನು ಸಾಬೂನಿನ ನೊರೆಯಿಂದ ಪರೀಕ್ಷಿಸಬೇಕೇ ಹೊರತು ಕಡ್ಡಿ ಗೀರಿ ನೋಡಬಾರದು. ವಾಸನೆಯಿಲ್ಲದ ಅನಿಲಕ್ಕೆ ಮರ್ಕಾಪ್ಟಾನ್ ಎಂಬ ಗಂಧಕದ ಸಂಯುಕ್ತವನ್ನು ಬೆರೆಸಿರುವುದು ಸೋರಿಕೆಯನ್ನು ಮೂಗು ಹಿಡಿಯಲೆಂದೇ. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದು ಮತ್ತು ವರ್ಷದ ಕೊನೆಯ ಎರಡು ಅಂಕಿಗಳಿರುತ್ತವೆ. ಎ ಎಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್ ಅಂತ್ಯ, ಅಷ್ಟರೊಳಗೆ ಸಿಲಿಂಡರಿನ ಮರುಪರೀಕ್ಷೆ ಆಗಬೇಕು ಎಂಬುದು ಅದರ ಅರ್ಥ. ಅವಧಿ ಮೀರಿದ ಸಿಲಿಂಡರನ್ನು ನಿರಾಕರಿಸುವ ಹಕ್ಕು ಕೊಳ್ಳುವವರಿಗಿದೆ, ಓದು ಬಾರದವರಿಗೂ ಈ ನಾಲ್ಕು ಅಕ್ಷರಗಳನ್ನು ಗುರುತಿಸಲು ಕಲಿಸುವುದು ಕಷ್ಟದ ಕೆಲಸವಲ್ಲ.

ಊರಿಗೆ ಮರಳುವಾಗ ಸಿಲಿಂಡರನ್ನು ರೈಲಿನಲ್ಲಿ ತರುವಂತಿಲ್ಲ. 1989ರ ರೈಲ್ವೆ ಕಾಯಿದೆಯ 164ನೇ ಕಲಮಿನಂತೆ ಅಪಾಯಕಾರಿ ವಸ್ತುಗಳ ಅಕ್ರಮ ಸಾಗಣೆಗೆ ಮೂರು ವರ್ಷದವರೆಗೆ ಸೆರೆವಾಸವಿದೆ; 2023ರ ಆಗಸ್ಟಿನಲ್ಲಿ ಮಧುರೈ ನಿಲ್ದಾಣದಲ್ಲಿ ಪ್ರವಾಸಿಗರ ಬೋಗಿಯೊಂದಕ್ಕೆ, ಒಳಗೆ ಕದ್ದು ಒಯ್ದಿದ್ದ ಸಿಲಿಂಡರಿನಿಂದ ಬೆಂಕಿ ತಗುಲಿ 9 ಜನ ಸತ್ತರು. ಹೊರಡುವ ಮುನ್ನ ಸಿಲಿಂಡರನ್ನು ಕೊಂಡಲ್ಲಿಯೇ ಹಿಂದಿರುಗಿಸಿ, ನಿಯಮದಂತೆ ಬರಬೇಕಾದ ಹಣವನ್ನು ಪಡೆದು, ಸ್ಟೌವನ್ನಷ್ಟೇ ಹಂಚಿನ ಜೊತೆ ಗಂಟು ಕಟ್ಟಿಕೊಂಡು ಯಾದಗಿರಿ ನಿಲ್ದಾಣದಲ್ಲಿ ಇಳಿಯುವುದು ಸದ್ಯಕ್ಕಿರುವ ಸುರಕ್ಷಿತ ದಾರಿ. ಇದಕ್ಕಾಗಿ ಕೊಳ್ಳುವಾಗ ಕೊಟ್ಟ ರಸೀದಿಯನ್ನು ಕೊನೆಯವರೆಗೂ ಜೋಪಾನವಾಗಿ ಇಟ್ಟುಕೊಂಡಿರಬೇಕಾಗುತ್ತದೆ.