ಹೃದಯ ಮತ್ತು ಮೆದುಳಿನ ಸಂವೇದಕಗಳು: ಸಂಶೋಧನಾಲಯಗಳಿಗೆ ದರಪಟ್ಟಿ ಸಲ್ಲಿಸುವ ಮುನ್ನ

ಭತ್ತದ ಮೂಟೆ ತೂಗುವ ತಕ್ಕಡಿಗೆ ಇಲಾಖೆಯ ಮುದ್ರೆ ಇದೆಯೆಂದು ಯಾವ ವ್ಯಾಪಾರಿಯೂ ಅದರಲ್ಲಿ ಚಿನ್ನ ತೂಗುವುದಿಲ್ಲ. ಮನೋವಿಜ್ಞಾನ, ಕ್ರೀಡಾವಿಜ್ಞಾನ, ಯೋಗ ಮೊದಲಾದ ಸಂಶೋಧನಾ ವಿಭಾಗಗಳು ಹೃದಯ ಹಾಗೂ ಮೆದುಳಿನ ಸಂಕೇತಗಳನ್ನು ದಾಖಲಿಸಲು ಕಡಿಮೆ ಬೆಲೆಯ ಉಪಕರಣಗಳನ್ನು ಕೇಳುವಾಗಲೂ ಇದೇ ವಿವೇಚನೆ ಅಗತ್ಯ. 'ಪರೀಕ್ಷಿತ ಉಪಕರಣ' ಎಂಬ ಒಂದೇ ಮಾತನ್ನು ನಂಬಿ ದರಪಟ್ಟಿ ಸಲ್ಲಿಸಿದರೆ ಸರಕು ಹಿಂದಿರುಗುವ ನಷ್ಟ ಸರಬರಾಜುದಾರನದು. ತಿಂಗಳುಗಟ್ಟಲೆ ಸಂಗ್ರಹಿಸಿದ ದತ್ತಾಂಶ ವ್ಯರ್ಥವಾಗುವ ನಷ್ಟ ಸಂಶೋಧಕನದು.

ಈ ಉಪಕರಣಗಳ ಬೆಲೆ ಇಳಿದುದಕ್ಕೆ ಮುಖ್ಯ ಕಾರಣ ಚಿಪ್‌ಗಳು. ಹಿಂದೆ ಒಂದು ಪೆಟ್ಟಿಗೆಯಷ್ಟು ಜಾಗ ಬೇಡುತ್ತಿದ್ದ ವರ್ಧಕ ಮಂಡಲವನ್ನು ಅನಲಾಗ್ ಡಿವೈಸಸ್ ಕಂಪನಿಯ ಎಡಿ8232 (ಹೃದಯಕ್ಕೆ), ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಡಿಎಸ್1299 (ಮೆದುಳಿಗೆ, ಎಂಟು ಚಾನೆಲ್, 24 ಬಿಟ್) ಬೆರಳ ತುದಿಯಷ್ಟು ಜಾಗಕ್ಕೆ ಇಳಿಸಿವೆ. ಆದರೆ ಚಿಪ್ ಉತ್ತಮವಾದ ಮಾತ್ರಕ್ಕೆ ಉಪಕರಣ ಉತ್ತಮವಾಗುವುದಿಲ್ಲ.

ಹೃದಯದ ವಿದ್ಯುತ್ ಸಂಕೇತ ಚರ್ಮದ ಮೇಲೆ ಸುಮಾರು 1 ಮಿಲಿವೋಲ್ಟ್ ಇರುತ್ತದೆ. ನಿಮಿಷಕ್ಕೆ ಎಷ್ಟು ಬಡಿತ ಎಂಬುದಷ್ಟೇ ಬೇಕಾದರೆ ಮಣಿಕಟ್ಟಿನ ಬೆಳಕಿನ ಸಂವೇದಕವೂ ವಿಶ್ರಾಂತ ಸ್ಥಿತಿಯಲ್ಲಿ ಸಾಕಾದೀತು. ಆದರೆ ಸಂಶೋಧಕರು ಬಹುತೇಕ ಕೇಳುವುದು ಬಡಿತದಿಂದ ಬಡಿತಕ್ಕೆ ಅಂತರ ಎಷ್ಟು ಬದಲಾಗುತ್ತದೆ ಎಂಬುದನ್ನು. ನಿಮಿಷಕ್ಕೆ 75 ಬಡಿತವಿದ್ದರೆ ಅಂತರ 800 ಮಿಲಿಸೆಕೆಂಡ್. ಅದರಲ್ಲಿ ಹುಡುಕುವ ಏರಿಳಿತ ಅನೇಕ ವೇಳೆ 20ರಿಂದ 50 ಮಿಲಿಸೆಕೆಂಡ್ ಮಾತ್ರ. ಸೆಕೆಂಡಿಗೆ 25 ಬಾರಿ ಅಳೆಯುವ ಉಪಕರಣದಲ್ಲಿ ಎರಡು ಅಳತೆಗಳ ನಡುವಿನ ಬಿಡುವೇ 40 ಮಿಲಿಸೆಕೆಂಡ್. ಅಂಗುಲದ ಗುರುತುಗಳಷ್ಟೇ ಇರುವ ಪಟ್ಟಿಯಿಂದ ಕೂದಲಿನ ದಪ್ಪ ಅಳೆಯಹೊರಟಂತಾಯಿತು. ಯೂರೋಪ್ ಮತ್ತು ಉತ್ತರ ಅಮೆರಿಕದ ಹೃದಯತಜ್ಞ ಸಂಸ್ಥೆಗಳ ಕಾರ್ಯಪಡೆ 1996ರಲ್ಲಿ ಈ ಕಾರ್ಯಕ್ಕೆ ಸೆಕೆಂಡಿಗೆ 250ರಿಂದ 500 ಅಥವಾ ಅದಕ್ಕೂ ಹೆಚ್ಚಿನ ಅಳತೆಗಳನ್ನು ಸೂಚಿಸಿದ್ದು ಇದೇ ಕಾರಣಕ್ಕೆ. ಎದೆಗೆ ಕಟ್ಟುವ ಪೋಲಾರ್ ಎಚ್10 ಪಟ್ಟಿಯನ್ನು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೋಲ್ಟರ್ ಇ.ಸಿ.ಜಿ.ಯೊಂದಿಗೆ ಹೋಲಿಸಿ, ದೇಹ ಬಹಳ ಅಲುಗುವ ವ್ಯಾಯಾಮಗಳಲ್ಲಿ ಬಡಿತಾಂತರ ಅಳೆಯಲು ಪಟ್ಟಿಯನ್ನೇ ಶಿಫಾರಸು ಮಾಡಿತು. ಹೀಗೆಂದು ಅದು ಹೃದ್ರೋಗ ತಪಾಸಣೆಯ ಇ.ಸಿ.ಜಿ. ಯಂತ್ರದ ಸ್ಥಾನ ತುಂಬುವುದಿಲ್ಲ. ಪರೀಕ್ಷೆ ನಡೆದದ್ದು ಬಡಿತಾಂತರಕ್ಕೆ ಮಾತ್ರ.

ಮೆದುಳಿನ ವಿಷಯ ಇನ್ನೂ ಸೂಕ್ಷ್ಮ. ನೆತ್ತಿಯ ಮೇಲಿನ ಸಂಕೇತ ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್, ಅಂದರೆ ಹೃದಯದ ಸಂಕೇತದ ಹತ್ತನೆಯ ಒಂದು ಭಾಗದಿಂದ ನೂರನೆಯ ಒಂದು ಭಾಗದಷ್ಟು. ಕಣ್ಣು ಮಿಟುಕಿಸಿದರೆ, ಹಲ್ಲು ಕಚ್ಚಿದರೆ, ಪಕ್ಕದ ಗೋಡೆಯಲ್ಲಿ 50 ಹರ್ಟ್ಜ್ ವಿದ್ಯುತ್ ಹರಿದರೆ ಸಂಕೇತ ಮುಚ್ಚಿಹೋಗುತ್ತದೆ. ಆದ್ದರಿಂದ ಎಲೆಕ್ಟ್ರೋಡ್ ಎಲ್ಲಿದೆ ಎಂಬುದು ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ. 2014ರಲ್ಲಿ ಮಾರುಕಟ್ಟೆಗೆ ಬಂದ ಕೆನಡಾದ ಮ್ಯೂಸ್ ತಲೆಪಟ್ಟಿಯಲ್ಲಿ ಎರಡು ಎಲೆಕ್ಟ್ರೋಡ್‌ಗಳು ಹಣೆಯ ಮೇಲೆ, ಎರಡು ಕಿವಿಯ ಹಿಂದೆ. ಕೆಲವು ಪ್ರಸಿದ್ಧ ಮಿದುಳು ಪ್ರತಿಕ್ರಿಯೆಗಳನ್ನು ಇದರಿಂದಲೂ ಗುರುತಿಸಬಹುದೆಂದು 2017ರ ಅಧ್ಯಯನವೊಂದು ತೋರಿಸಿತು. ಆದರೆ ತಲೆಯ ಹಿಂಭಾಗದ ದೃಷ್ಟಿಕೇಂದ್ರವನ್ನು ಅಧ್ಯಯನ ಮಾಡುವವರಿಗೆ ಅಲ್ಲಿ ಎಲೆಕ್ಟ್ರೋಡೇ ಇಲ್ಲ. ಇನ್ನೊಂದು ನಿದರ್ಶನ ಹೆಚ್ಚು ಬೋಧಪ್ರದ. ಆಟಗಳಿಗೆಂದು ತಯಾರಾದ 14 ಚಾನೆಲ್‌ನ ಎಮೋಟಿವ್ ಎಪೋಕ್ ಉಪಕರಣವನ್ನು ಆಸ್ಟ್ರೇಲಿಯದ ಸಂಶೋಧಕರು 2013ರಲ್ಲಿ ಪ್ರಯೋಗಾಲಯದ ವ್ಯವಸ್ಥೆಯೊಂದಿಗೆ ಹೋಲಿಸಿದರು. ಶಬ್ದಕ್ಕೆ ಮೆದುಳು ನೀಡುವ ಮುಖ್ಯ ಪ್ರತಿಕ್ರಿಯೆಗಳು ಎರಡರಲ್ಲೂ ಹೋಲುತ್ತಿದ್ದವು. ಅದಕ್ಕಿಂತ ದುರ್ಬಲವಾದ ಮತ್ತೊಂದು ಪ್ರತಿಕ್ರಿಯೆಯಲ್ಲಿ ಎಲ್ಲರಲ್ಲೂ ಹೋಲಿಕೆ ಸಿಗಲಿಲ್ಲ. ಶಬ್ದ ಕೇಳಿಸಿದ ಕ್ಷಣವನ್ನು ಗುರುತಿಸಲು ಉಪಕರಣವನ್ನು ಅವರು ಮಾರ್ಪಡಿಸಬೇಕಾಯಿತು ಎಂಬುದೂ ಗಮನಾರ್ಹ. ಅಂಗಡಿಯಿಂದ ಬಂದ ಉಪಕರಣ ಮತ್ತು ಪರೀಕ್ಷೆಗೊಳಗಾದ ಉಪಕರಣ ಒಂದೇ ಆಗಿರಲಿಲ್ಲ.

ತಯಾರಕರು ಮುಂದಿಡುವ ಪರೀಕ್ಷಾ ವರದಿಯಲ್ಲಿ ನೋಡಬೇಕಾದ ಅಂಶವೊಂದಿದೆ. 'ಆಸ್ಪತ್ರೆಯ ಯಂತ್ರದೊಡನೆ 0.98 ಸಹಸಂಬಂಧ' ಎಂಬಂಥ ಜಾಹೀರಾತಿನ ಮಾತು ಹೆಚ್ಚೇನನ್ನೂ ಹೇಳುವುದಿಲ್ಲ. ಪ್ರತಿ ಬಾರಿಯೂ 50 ಗ್ರಾಂ ಹೆಚ್ಚು ತೋರಿಸುವ ತಕ್ಕಡಿಗೂ ಸರಿಯಾದ ತಕ್ಕಡಿಯೊಡನೆ ಪರಿಪೂರ್ಣ ಸಹಸಂಬಂಧವಿರುತ್ತದೆ. ಬ್ರಿಟನ್ನಿನ ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ಈ ದೋಷವನ್ನು ಎತ್ತಿ ತೋರಿಸಿ, ಎರಡು ಉಪಕರಣಗಳ ಅಳತೆಗಳ ವ್ಯತ್ಯಾಸವನ್ನೇ ಪರಿಶೀಲಿಸುವ ವಿಧಾನ ಸೂಚಿಸಿದರು. ವ್ಯತ್ಯಾಸದ ಸರಾಸರಿ ಮತ್ತು ಹರವು ವರದಿಯಲ್ಲಿ ಇಲ್ಲದಿದ್ದರೆ ಕೇಳಿ ಪಡೆಯುವುದು ಲೇಸು.

ಸಣ್ಣ ತಯಾರಕರಿಗೆ ಅವಕಾಶವಿರುವುದು ಚಿಪ್‌ನ ಸುತ್ತಮುತ್ತ: ಎಲೆಕ್ಟ್ರೋಡ್, ಬೆಲ್ಟ್, ಕೇಬಲ್, ಕವಚ. ತಮ್ಮ ಬಡಿತ ಗುರುತಿಸುವ ತಂತ್ರಾಂಶವನ್ನು ಪರೀಕ್ಷಿಸಲು 48 ಅರ್ಧ ಗಂಟೆಯ ದಾಖಲೆಗಳುಳ್ಳ ಎಂಐಟಿ-ಬಿಐಎಚ್ ಸಂಗ್ರಹ ಉಚಿತವಾಗಿ ದೊರೆಯುತ್ತದೆ. ದೇಹಕ್ಕೆ ತಗಲುವ ಉಪಕರಣ ಬ್ಯಾಟರಿಯಿಂದ ನಡೆಯಬೇಕು, ಧರಿಸಿರುವಾಗ ಚಾರ್ಜ್ ಆಗುವಂತಿರಬಾರದು. ಸುರಕ್ಷತೆಗೆ ಐಇಸಿ 60601 ಮಾನದಂಡವಿದೆ. ಪೆಟ್ಟಿಗೆಯ ಮೇಲಿನ ಬರಹದ ಬಗೆಗೂ ಎಚ್ಚರಿಕೆ ಬೇಕು. ರೋಗ ಪತ್ತೆ ಮಾಡುತ್ತದೆಂದು ಬರೆದರೆ ಉಪಕರಣವು 2017ರ ವೈದ್ಯಕೀಯ ಉಪಕರಣ ನಿಯಮಗಳ ವ್ಯಾಪ್ತಿಗೆ ಬರುತ್ತದೆ.

ದರಪಟ್ಟಿಯಲ್ಲಿ ಉಪಕರಣದ ಬೆಲೆಯೊಂದಿಗೆ ಎಲೆಕ್ಟ್ರೋಡ್, ಜೆಲ್ ಹಾಗೂ ತಂತ್ರಾಂಶದ ವಾರ್ಷಿಕ ಶುಲ್ಕವನ್ನೂ ನಮೂದಿಸುವುದು ಸೂಕ್ತ. ಕೆಲವು ಉಪಕರಣಗಳು ಮೂಲ ದತ್ತಾಂಶವನ್ನು ಶುಲ್ಕವಿಲ್ಲದೆ ಹೊರಬಿಡುವುದಿಲ್ಲ. ಅಗ್ಗದ್ದು ಎರಡನೆಯ ವರ್ಷಕ್ಕೆ ದುಬಾರಿಯಾಗುವುದು ಅಲ್ಲಿಯೇ. ಒಳಗಿನ ತಂತ್ರಾಂಶದ ಆವೃತ್ತಿ ಸಂಖ್ಯೆಯನ್ನೂ ಬಿಲ್ಲಿನಲ್ಲಿ ಬರೆಯಬೇಕು. ಅಧ್ಯಯನದ ನಡುವೆ ಕಂಪನಿ ಅದನ್ನು ಬದಲಾಯಿಸಿದರೆ ಮೊದಲ ತಿಂಗಳ ಅಳತೆಗೂ ಕೊನೆಯ ತಿಂಗಳ ಅಳತೆಗೂ ತಾಳೆಯಾಗದೆ ಹೋಗಬಹುದು, ಮತ್ತು ಆಗ ಸಂಶೋಧಕ ಮೊದಲು ವಿಚಾರಿಸುವುದು ಮಾರಿದವರನ್ನೇ.