ಎರಡು ಸಾಲಿನ ಮಾತು

ಕಳೆದ ವರ್ಷ ದಸರಾ ರಜೆಯ ಒಂದು ಬೆಳಿಗ್ಗೆ. ಒಲೆ ಮೇಲೆ ಹಾಲಿಟ್ಟು ನಿಂತಿದ್ದೆ, ಚಿಕ್ಕಪ್ಪನ ಫೋನು ಬಂತು.

‘ಅಲ್ಲ ಕಣಮ್ಮಾ, ನಮ್ಮ ಅಂಗಳದಲ್ಲಿ ನಿಂತ್ರೆ ಹೆಬ್ಬೆ ಫಾಲ್ಸ್ ಕಾಣತ್ತೆ ಅಂತ ಯಾರಿಗೆ ಹೇಳಿದ್ದೆ ನೀನು?’

ನಾನು ಯಾರಿಗೂ ಹೇಳಿರಲಿಲ್ಲ. ಆದರೆ ಹೇಳಿದ್ದು ನಾನೇ ಅಂತ ಐದು ನಿಮಿಷದಲ್ಲಿ ಗೊತ್ತಾಯಿತು.

ಚಿಕ್ಕಪ್ಪನ ಮನೆ ಕೆಮ್ಮಣ್ಣುಗುಂಡಿಯ ತಪ್ಪಲಲ್ಲಿ, ಲಿಂಗದಹಳ್ಳಿ ಹತ್ತಿರ. ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ಖಾಲಿ ಉಳಿದ ಮೂರು ಕೋಣೆಗಳನ್ನು ಹೋಂಸ್ಟೇ ಮಾಡಿದ್ದಾರೆ. ಅದಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟವಳು ನಾನು. ಊಟ, ಕೋಣೆ, ಸುತ್ತಲಿನ ಜಾಗಗಳು ಅಂತ ಹನ್ನೆರಡು ಪುಟ. ಪ್ರತಿ ಪುಟಕ್ಕೂ ಒಂದು ಶೀರ್ಷಿಕೆ, ಎರಡು ಸಾಲಿನ ವಿವರಣೆ ಬರೆಯಬೇಕು. ಬೇಜಾರಿನ ಕೆಲಸ ಅನ್ನಿಸಿ ಒಂದು ಎಐ ಸಾಧನಕ್ಕೆ ಒಪ್ಪಿಸಿದೆ. ಹನ್ನೆರಡೂ ವಿವರಣೆ ಅರ್ಧ ನಿಮಿಷದಲ್ಲಿ ಬಂದವು. ಓದಿದೆ ಅನ್ನುವ ಹಾಗೆ ಓದಿ ಹಾಕಿಬಿಟ್ಟೆ.

ಅದರಲ್ಲೊಂದು ಸಾಲು: ‘ಅಂಗಳದಿಂದಲೇ ಹೆಬ್ಬೆ ಜಲಪಾತದ ರಮಣೀಯ ನೋಟ.’

ಪುಟದ ಒಳಗೆ ನಾನು ಬರೆದದ್ದು ಇಷ್ಟೇ: ಅಂಗಳದಲ್ಲಿ ಕೂತರೆ ಬೆಟ್ಟ ಕಾಣುತ್ತದೆ, ಹೆಬ್ಬೆ ಜಲಪಾತಕ್ಕೆ ಹೋಗಿಬರಬಹುದು. ಎರಡು ವಾಕ್ಯ ಸೇರಿ ಒಂದು ಸುಳ್ಳಾಗಿತ್ತು.

ಆ ಸಾಲು ನಂಬಿ ಒಬ್ಬರು ತಮ್ಮ ಎಪ್ಪತ್ತೆಂಟರ ತಾಯಿಯನ್ನು ಕರೆದುಕೊಂಡು ಬಂದಿದ್ದರು. ಆ ತಾಯಿ ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಹೆಬ್ಬೆ ನೋಡಿದ್ದರಂತೆ. ಗಂಡ ಈಗಿಲ್ಲ, ಮಂಡಿ ನೋವು ಬೇರೆ. ‘ನಡೆಯೋ ಹಾಗಿಲ್ಲಮ್ಮ, ಕೂತಲ್ಲೇ ಕಾಣತ್ತೆ’ ಅಂತ ಮಗ ಒಪ್ಪಿಸಿ ಕರೆತಂದಿದ್ದ. ಬೆಳಿಗ್ಗೆ ಎದ್ದು, ಶಾಲು ಹೊದ್ದು, ಅಂಗಳದ ಕುರ್ಚಿಯಲ್ಲಿ ಕೂತು ಆಕೆ ಕೇಳಿದರಂತೆ: ‘ಎಲ್ಲಪ್ಪಾ ಫಾಲ್ಸು?’

ಹೆಬ್ಬೆಗೆ ಹೋದವರಿಗೆ ಗೊತ್ತು, ಅದು ಕಾಡಿನೊಳಗಿನ ಜಲಪಾತ. ಜೀಪಿನಲ್ಲಿ ಮೈಯೆಲ್ಲ ಕುಲುಕಿಕೊಂಡು ಹೋಗಿ, ಆಮೇಲೆ ಹಳ್ಳ ದಾಟಿ ನಡೆಯಬೇಕು. ಮಳೆಗಾಲದಲ್ಲಿ ಜಿಗಣೆ ಕಾಟ. ಯಾರ ಮನೆ ಅಂಗಳಕ್ಕೂ ಅದು ಕಾಣುವುದಿಲ್ಲ.

ಚಿಕ್ಕಪ್ಪ ಆವತ್ತಿನ ಬಾಡಿಗೆ ತೆಗೆದುಕೊಳ್ಳಲಿಲ್ಲ. ತಮ್ಮ ಕಾರಿನಲ್ಲೇ ಆ ತಾಯಿಯನ್ನು ಕಲ್ಲತ್ತಿಗಿರಿಗೆ ಕರೆದುಕೊಂಡು ಹೋದರು. ಅಲ್ಲಿ ವೀರಭದ್ರ ಸ್ವಾಮಿ ದೇವಸ್ಥಾನದ ಎದುರೇ ನೀರು ಬೀಳುತ್ತದೆ. ಆಕೆ ಕೈ ಮುಗಿದು, ತಲೆಗೆ ನೀರು ಚಿಮುಕಿಸಿಕೊಂಡು, ‘ಇದೂ ಚೆನ್ನಾಗಿದೆ ಬಿಡಿ’ ಅಂದರಂತೆ. ಆ ‘ಇದೂ’ ಅನ್ನುವ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಈ ಎರಡು ಸಾಲು ಇರುವುದೆಲ್ಲಿ?

ಗೂಗಲ್‌ನಲ್ಲಿ ಏನಾದರೂ ಹುಡುಕಿದಾಗ ನೀಲಿ ಅಕ್ಷರದ ಶೀರ್ಷಿಕೆ, ಅದರ ಕೆಳಗೆ ಸಣ್ಣ ಅಕ್ಷರದ ಎರಡು ಸಾಲು ಬರುತ್ತದಲ್ಲ, ಅವೇ. ಇವಕ್ಕೆ ‘ಟೈಟಲ್’, ‘ಮೆಟಾ ಡಿಸ್ಕ್ರಿಪ್ಷನ್’ ಅನ್ನುತ್ತಾರೆ. ಡಿಸ್ಕ್ರಿಪ್ಷನ್ ಪುಟ ತೆರೆದರೂ ಕಾಣದು, ಪುಟದ ತಲೆಭಾಗದ ಕೋಡ್‌ನಲ್ಲಿ ಅಡಗಿ ಕೂತಿರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಲಿಂಕ್ ಕಳಿಸಿದಾಗ ಚಿತ್ರದ ಜೊತೆ ಕಾಣುವ ಸಾಲುಗಳೂ ಇದೇ ಜಾತಿಯವು. ಉಪ್ಪಿನಕಾಯಿ ಜಾಡಿ ಮೇಲೆ ಅಂಟಿಸಿದ ಚೀಟಿ ಅಂತಿಟ್ಟುಕೊಳ್ಳಿ. ಮಾವೋ ನಿಂಬೆಯೋ ಅಂತ ಮುಚ್ಚಳ ತೆಗೆಯದೇ ಗೊತ್ತಾಗಬೇಕು.

ಹಿಂದೆ ಇದೇ ಜಾಗದಲ್ಲಿ ‘ಕೀವರ್ಡ್ಸ್’ ಅಂತ ಇನ್ನೊಂದು ಪಟ್ಟಿ ಇತ್ತು. ಜನ ಅದರಲ್ಲಿ ಸಿಕ್ಕಿದ್ದೆಲ್ಲ ತುರುಕುತ್ತಿದ್ದರು. ಸ್ಥಾನ ಕೊಡುವಾಗ ಆ ಪಟ್ಟಿಯನ್ನು ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಬಿಟ್ಟಿತು. ವಿವರಣೆಯೂ ಅಷ್ಟೇ, ಅದರಿಂದ ನಿಮ್ಮ ಪುಟ ಮೇಲೆ ಬರುವುದಿಲ್ಲ. ಕಂಡ ಪುಟವನ್ನು ಒತ್ತಬೇಕೋ ಬೇಡವೋ ಅಂತ ಮನುಷ್ಯರು ತೀರ್ಮಾನಿಸುವುದು ಅದನ್ನು ಓದಿ. ಪುಟಕ್ಕೂ ವಿವರಣೆಗೂ ಹೊಂದಿಕೆ ಇಲ್ಲ ಅನ್ನಿಸಿದರೆ ಗೂಗಲ್ ಅದನ್ನು ಬಿಟ್ಟು ಪುಟದೊಳಗಿನ ಬೇರೆ ಸಾಲು ಎತ್ತಿ ತೋರಿಸುವುದೂ ಉಂಟು. ನನ್ನ ದುರದೃಷ್ಟಕ್ಕೆ ಆ ಸುಳ್ಳನ್ನು ಮಾತ್ರ ಹಾಗೇ ತೋರಿಸಿತ್ತು.

ತೂಗುಸೇತುವೆ ಎಲ್ಲಿಂದ ಬಂತು?

ಆವತ್ತು ರಾತ್ರಿ ಹನ್ನೆರಡೂ ಪುಟ ತೆಗೆದುಕೊಂಡು ಕೂತೆ. ಇನ್ನೊಂದು ಕಡೆ ‘ಸಮೀಪದ ಪ್ರಸಿದ್ಧ ತೂಗುಸೇತುವೆ’ ಅಂತಿತ್ತು. ಕೆಮ್ಮಣ್ಣುಗುಂಡಿಯಲ್ಲಿ ಯಾವ ತೂಗುಸೇತುವೆ? ಆಮೇಲೆ ಹೊಳೆಯಿತು, ತೂಗುಸೇತುವೆ ಇರುವುದು ಉಡುಪಿ ಹತ್ತಿರದ ಕೆಮ್ಮಣ್ಣಿನಲ್ಲಿ. ಹೆಸರು ಅರ್ಧ ಕೂಡಿದ್ದಕ್ಕೆ ಘಟ್ಟದ ಕೆಳಗಿನ ಸೇತುವೆಯನ್ನು ಬೆಟ್ಟಕ್ಕೆ ಹೊತ್ತು ತಂದಿತ್ತು!

ನಮ್ಮ ಊರಿನ ಹೆಸರಿನದೂ ಒಂದು ಪಾಡು. ಇಂಗ್ಲಿಷಿನಲ್ಲಿ ಒಬ್ಬರು ಕೆಮ್ಮಣ್ಗುಂಡಿ ಅಂತ ಬರೆದರೆ ಇನ್ನೊಬ್ಬರು ಕೆಮ್ಮನಗುಂಡಿ ಅಂತ ಬರೆಯುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಯಲ್ಲಿ ತಂಗುತ್ತಿದ್ದ ಜಾಗವಾದ್ದರಿಂದ ಕೆ.ಆರ್. ಹಿಲ್ಸ್ ಅನ್ನುವ ಹೆಸರೂ ಇದೆ. ಹುಡುಕುವವರು ಯಾವುದನ್ನು ಬೇಕಾದರೂ ಹಾಕಬಹುದು. ಹಾಗಂತ ಎಲ್ಲವನ್ನೂ ವಿವರಣೆಗೆ ತುರುಕಿದರೆ ಸಂತೆಯಾಗುತ್ತದೆ. ಒಂದು ಹೆಸರನ್ನು ಶೀರ್ಷಿಕೆಗಿಟ್ಟು ಉಳಿದವನ್ನು ಪುಟದೊಳಗೆ ಸಹಜವಾಗಿ ಬರೆದೆ.

ಅಳತೆಯದು ಇನ್ನೊಂದು ತಮಾಷೆ. ವಿವರಣೆ ನೂರೈವತ್ತು, ನೂರರವತ್ತು ಅಕ್ಷರದೊಳಗಿರಲಿ ಅನ್ನುತ್ತಾರೆ. ಕೆಮ್ಮಣ್ಣುಗುಂಡಿ ನಮ್ಮ ಕಣ್ಣಿಗೆ ಐದೇ ಅಕ್ಷರ. ಒತ್ತು, ಕೊಂಬು, ಗುಡಿಸು, ಸೊನ್ನೆ ಎಲ್ಲ ಬೇರೆ ಬೇರೆ ಎಣಿಸುವ ಕಂಪ್ಯೂಟರ್‌ಗೆ ಹದಿನಾಲ್ಕು! ಮೇಲಾಗಿ ಗೂಗಲ್ ಸಾಲನ್ನು ಕತ್ತರಿಸುವುದು ಪರದೆಯ ಅಗಲ ನೋಡಿಕೊಂಡು. ಅದಕ್ಕೇ ಮುಖ್ಯವಾದದ್ದು ಮೊದಲು ಬರಬೇಕು. ‘ಪ್ರಕೃತಿಯ ಮಡಿಲಲ್ಲಿ’ ಅಂತ ಶುರು ಮಾಡಿದರೆ ಹೇಳಬೇಕಾದ್ದು ಕತ್ತರಿಗೆ ಸಿಕ್ಕಿಹೋಗುತ್ತದೆ.

ಈಗ ನಾನು ಮಾಡುವುದು

ಎಐ ಬಿಟ್ಟಿಲ್ಲ, ಸುಳ್ಳು ಹೇಳಲಾರೆ. ಕೊಡುವಾಗ ‘ಈ ಪುಟದಲ್ಲಿ ಇರುವುದನ್ನಷ್ಟೇ ಬರೆ, ಹೊಸದು ಸೇರಿಸಬೇಡ’ ಅಂತ ಹೇಳುತ್ತೇನೆ. ಬಂದದ್ದರಲ್ಲಿ ಮೂರು ಜಾತಿಯ ಪದಗಳನ್ನು ಬೆರಳಿಟ್ಟು ನೋಡುತ್ತೇನೆ: ಊರಿನ ಹೆಸರು, ಅಂಕಿ, ಗುಣವಾಚಕ. ‘ಕೂಗಳತೆ’, ‘ವರ್ಷವಿಡೀ’, ‘ಎಲ್ಲ ವಯಸ್ಸಿನವರಿಗೂ’ ಅಂತ ಕಂಡರೆ ಅನುಮಾನ ಪಡುತ್ತೇನೆ. ಒಂದೇ ವಿವರಣೆಯನ್ನು ಎರಡು ಪುಟಕ್ಕೆ ಹಾಕುವುದಿಲ್ಲ. ಫೋಟೊಗಳಿಗೆ ‘ಆಲ್ಟ್ ಟೆಕ್ಸ್ಟ್’ ಅಂತ ಬರೆಯುವ ಸಾಲನ್ನೂ ಸರಿಪಡಿಸಿದೆ. ಕಣ್ಣು ಕಾಣದವರಿಗೆ ಫೋನು ಓದಿ ಹೇಳುವುದು ಅದನ್ನೇ. ‘ಸುಂದರ ದೃಶ್ಯ’ ಅಂದರೆ ಅವರಿಗೇನು ತಿಳಿದೀತು? ‘ಮಂಜು ಮುಸುಕಿದ ಬೆಟ್ಟ, ಮುಂದೆ ಹೆಂಚಿನ ಮನೆ’ ಅಂದರೆ ಕಾಣುತ್ತದೆ.

ಕೊನೆಗೆ ಚಿಕ್ಕಪ್ಪನಿಗೆ ಫೋನಿನಲ್ಲಿ ಓದಿ ಹೇಳುತ್ತೇನೆ. ಅವರು ಒಪ್ಪಿದ ಸಾಲು ಇದು:

‘ಕೆಮ್ಮಣ್ಣುಗುಂಡಿ ತಪ್ಪಲಿನ ಲಿಂಗದಹಳ್ಳಿ ಹತ್ತಿರ ಅಡಿಕೆ ತೋಟದ ಮನೆ. ಮೂರು ಕೋಣೆ, ಮನೆಯೂಟ. ಬೆಟ್ಟಕ್ಕೆ ವಾಹನ ಬೇಕು. ಹೆಬ್ಬೆ ಜಲಪಾತಕ್ಕೆ ಜೀಪು, ನಡಿಗೆ ಎರಡೂ ಬೇಕು. ಮಳೆಗಾಲದಲ್ಲಿ ಜಿಗಣೆ ಉಂಟು.’

‘ಜಿಗಣೆ ಅಂತ ಹಾಕಿದ್ರೆ ಯಾರು ಬರ್ತಾರೆ ಚಿಕ್ಕಪ್ಪ?’ ಅಂದೆ.

‘ಬರೋರು ಬರ್ತಾರೆ ಬಿಡು. ಬಂದ ಮೇಲೆ ಬೈಯಲ್ಲವಲ್ಲ!’

ಬರುತ್ತಿದ್ದಾರೆ. ಮೊನ್ನೆ ಬಂದವರು ಚೀಲದಲ್ಲಿ ಉಪ್ಪು, ಸುಣ್ಣ ಕಟ್ಟಿಕೊಂಡೇ ಬಂದಿದ್ದರಂತೆ.

ಯೋಚಿಸಿದರೆ, ಈ ವಿದ್ಯೆ ನಮ್ಮ ಹಿರಿಯರಿಗೆ ಗೊತ್ತಿತ್ತು. ಮಣ್ಣು ಕೆಂಪಗಿತ್ತು, ನೆಲ ಗುಂಡಿಯಾಗಿತ್ತು, ಕೆಮ್ಮಣ್ಣುಗುಂಡಿ ಅಂದರು. ಆ ಕೆಂಪು ಕಬ್ಬಿಣದ್ದು. ಮುಂದೆ ಭದ್ರಾವತಿಯ ಕಾರ್ಖಾನೆಗೆ ಇಲ್ಲಿಂದಲೇ ಅದಿರು ಹೋಯಿತು. ಸುಮಾರು 1,430 ಮೀಟರ್ ಎತ್ತರದ, ಮೋಡ ತಬ್ಬುವ ಬೆಟ್ಟಕ್ಕೆ ‘ಗುಂಡಿ’ ಅಂತ ಹೆಸರಿಡುವಾಗ ಯಾರೂ ‘ರಮಣೀಯ’ ಅನ್ನಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಜನ ಇವತ್ತಿಗೂ ಹುಡುಕಿಕೊಂಡು ಬರುತ್ತಲೇ ಇದ್ದಾರೆ.