ಕೀಲಿಮಣೆಯ ದಾನ, ಪರವಾನಿಗೆಯ ಜಗಳ

ಗಣಕಯಂತ್ರದ ಮುಂದೆ ಕುಳಿತ ವಿದ್ಯಾರ್ಥಿಯೊಬ್ಬ ‘ಕಾಪು’ ಎಂದು ಕನ್ನಡದಲ್ಲಿ ಬರೆಯಬೇಕು ಎಂದಿಟ್ಟುಕೊಳ್ಳಿ. ಇಂಗ್ಲಿಷ್ ಅಕ್ಷರಗಳಿರುವ ಕೀಲಿಮಣೆಯಲ್ಲಿ ಮೊದಲು ‘ಕೆ’, ಬಳಿಕ ಶಿಫ್ಟ್ ಹಿಡಿದು ‘ಎ’, ಆಮೇಲೆ ‘ಪಿ’ ಮತ್ತು ‘ಯು’ ಒತ್ತಿದರೆ ಮುಗಿಯಿತು. ‘ಉಡುಪಿ’ಗೆ ಐದು ಒತ್ತುಗಳು: ಯು, ಡಬ್ಲ್ಯೂ, ಯು, ಪಿ, ಐ. ‘ಕಾರ್ಕಳ’ ಬರೆಯುವಾಗ ‘ರ’ ಮತ್ತು ‘ಕ’ಗಳ ನಡುವೆ ‘ಎಫ್’ ಒತ್ತಿದರೆ ಯಂತ್ರವೇ ಅರ್ಕಾವತ್ತನ್ನು ಕೂಡಿಸಿಕೊಳ್ಳುತ್ತದೆ. ಇಷ್ಟು ಸುಲಭವಾದ ಈ ಏರ್ಪಾಡನ್ನು ಬಳಸಲು ಯಾರಿಗೆ ಹಣ ಕೊಡಬೇಕು? ಯಾರಿಗೂ ಇಲ್ಲ. ಹಾಗಾದರೆ ಇದು ಯಾರದು? ಈ ಎರಡನೆಯ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಜಗತ್ತಿನ ಮುಕ್ತ ತಂತ್ರಾಂಶ ಬಳಗದಲ್ಲಿ ನಡೆದಿರುವ ಹೆಚ್ಚಿನ ಜಗಳಗಳ ಬೇರು ಈ ಪ್ರಶ್ನೆಯಲ್ಲೇ ಇದೆ.

ಮಣಿಪಾಲದ ಪರಿಸರದ ಕೊಡುಗೆ

ಈ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದವರು ಕೆ. ಪಿ. ರಾವ್. 1940ರಲ್ಲಿ ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ ಹುಟ್ಟಿದ ಅವರು ಮುದ್ರಣದ ಅಕ್ಷರಜೋಡಣೆಯ ಕ್ಷೇತ್ರದಲ್ಲಿ ದುಡಿದು, ಮುಂದೆ ಉಡುಪಿ-ಮಣಿಪಾಲದ ಪರಿಸರದಲ್ಲಿ ನೆಲೆಸಿದರು. ಅವರು ಸಿದ್ಧಪಡಿಸಿದ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿನಲ್ಲಿ ‘ಸೇಡಿಯಾಪು’ ಎಂದೇ ಹೆಸರಿಟ್ಟರು.

ಬೆರಳಚ್ಚು ಯಂತ್ರ ಅಕ್ಷರದ ಆಕಾರವನ್ನು ನೋಡುತ್ತದೆ. ತಲೆಕಟ್ಟು, ಕೊಂಬು, ಒತ್ತು ಎಂದು ಪ್ರತಿಯೊಂದಕ್ಕೂ ಅದಕ್ಕೆ ಬೇರೆ ಬೇರೆ ಕೀಲಿ ಬೇಕು. ರಾವ್ ಹಿಡಿದದ್ದು ಉಚ್ಚಾರದ ದಾರಿ. ವ್ಯಂಜನವನ್ನೂ ಸ್ವರವನ್ನೂ ಒಂದರ ಹಿಂದೆ ಒಂದರಂತೆ ಒತ್ತುವುದಷ್ಟೇ ಬರೆಯುವವನ ಕೆಲಸ, ಆಕಾರವನ್ನು ನಿರ್ಧರಿಸುವುದು ಯಂತ್ರದ ಕೆಲಸ. ಆದ್ದರಿಂದ ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡದ ವರ್ಣಮಾಲೆ ಅಡಕವಾಯಿತು. ಇದಕ್ಕೆ ರಾವ್ ಪೇಟೆಂಟ್ ಪಡೆಯಲಿಲ್ಲ. ಎಲ್ಲರೂ ಬಳಸಲಿ ಎಂದು ಬಿಟ್ಟುಕೊಟ್ಟರು. ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಕರ್ನಾಟಕ ಸರ್ಕಾರ ಇದನ್ನು ಅಧಿಕೃತ ವಿನ್ಯಾಸವಾಗಿ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಅದನ್ನು ಕಚೇರಿ ಕಚೇರಿಗೂ ತಲುಪಿಸಿತು.

ಮುಕ್ತ ತಂತ್ರಾಂಶವಾದ ಲಿನಕ್ಸ್‌ನಲ್ಲೂ ಈ ವಿನ್ಯಾಸವಿದೆ. ಅಲ್ಲಿ ಅದರ ಹೆಸರು ‘ಕಗಪ’, ಅಂದರೆ ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು. ಹಿಂದಿ, ಮರಾಠಿ, ತೆಲುಗು, ಸಂಸ್ಕೃತಗಳಿಗೂ ಅದೇ ಹೆಸರಿನ ಕೀಲಿಮಣೆಗಳಿವೆ. ಕರಾವಳಿಯ ಒಬ್ಬರ ಯೋಚನೆ ಐದು ಭಾಷೆಗಳಿಗೆ ದಾರಿ ತೋರಿಸಿತು ಎಂಬುದು ಹೆಮ್ಮೆಯ ಸಂಗತಿ. ಆದರೆ ರೂಪಿಸಿದವರ ಹೆಸರು ಆ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಇಲ್ಲಿ ಯಾರೂ ಕಾನೂನನ್ನು ಮುರಿದಿಲ್ಲ. ಬಿಟ್ಟುಕೊಟ್ಟ ವಸ್ತು ಕೈಯಿಂದ ಕೈಗೆ ದಾಟುವಾಗ ಕೊಟ್ಟವರ ಹೆಸರು ಎಲ್ಲೋ ಉದುರಿಹೋಗಿದೆ, ಅಷ್ಟೆ.

ಉಚಿತ ಬೇರೆ, ಮುಕ್ತ ಬೇರೆ

ಕನ್ನಡದ ಇನ್ನೊಂದು ವಿವಾದ ಇದಕ್ಕಿಂತ ಗಟ್ಟಿಯಾಗಿ ಕೇಳಿಸಿತು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ‘ಬರಹ’ ತಂತ್ರಾಂಶವನ್ನು ಹೊರತಂದು ಕನ್ನಡಿಗರಿಗೆ ಉಚಿತವಾಗಿ ಕೊಟ್ಟರು. ಆಮೇಲೆ ಬಂದ ‘ನುಡಿ’ಯೂ ಉಚಿತವೇ. ‘ಬರಹ’ದ ಕೆಲಸವನ್ನು ‘ನುಡಿ’ ನಕಲು ಮಾಡಿದೆ ಎಂಬ ಆರೋಪ ಎದ್ದಿತು. ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರೂ ಬಹಿರಂಗವಾಗಿ ದನಿಗೂಡಿಸಿದರು. ಪರಿಷತ್ತು ಆರೋಪವನ್ನು ನಿರಾಕರಿಸಿತು.

ಸರಿ ಯಾರದು ಎಂಬ ತೀರ್ಪು ಇಲ್ಲಿ ಬೇಡ. ಸಾಮಾನ್ಯ ಬಳಕೆದಾರ ಆಗ ತಾನೇ ಪರೀಕ್ಷಿಸಿ ನೋಡುವಂತಿರಲಿಲ್ಲ ಎಂಬುದು ಗಮನಿಸಬೇಕಾದ ವಿಷಯ. ಎರಡಕ್ಕೂ ಬೆಲೆ ಇರಲಿಲ್ಲ, ಆದರೆ ಎರಡರ ಮೂಲ ಬರವಣಿಗೆಯೂ, ಅಂದರೆ ಸೋರ್ಸ್ ಕೋಡ್ ಕೂಡ, ಸಾರ್ವಜನಿಕರಿಗೆ ತೆರೆದಿರಲಿಲ್ಲ. ಹೀಗಾಗಿ ಜನ ಯಾರೋ ಒಬ್ಬರ ಮಾತನ್ನು ನಂಬಬೇಕಾಯಿತು.

ಉಚಿತ ತಂತ್ರಾಂಶವೆಂದರೆ ಹೋಟೆಲಿನವರು ಪುಕ್ಕಟೆಯಾಗಿ ಬಡಿಸಿದ ಸಾಂಬಾರು. ಮುಕ್ತ ತಂತ್ರಾಂಶದಲ್ಲಿ ಸಾಂಬಾರಿನ ಜೊತೆ ಮಾಡುವ ವಿಧಾನವೂ ಸಿಗುತ್ತದೆ. ಅದನ್ನು ಬಳಸುವ, ಓದಿ ತಿಳಿಯುವ, ತಿದ್ದುವ, ತಿದ್ದಿದ್ದನ್ನು ಇತರರಿಗೆ ಹಂಚುವ ನಾಲ್ಕು ಸ್ವಾತಂತ್ರ್ಯಗಳೂ ಇರುತ್ತವೆ. ಮುಂದೆ ‘ಬರಹ’ದ ಹೊಸ ಆವೃತ್ತಿಗಳಿಗೆ ಬೆಲೆ ಬಂದಾಗ ಹಲವರು ಬೇಸರಪಟ್ಟರು. ಆದರೆ ಅದು ಕರ್ತೃವಿನ ಹಕ್ಕು. ಉಚಿತವಾಗಿ ಕೊಡುವವರು ಎಂದೆಂದಿಗೂ ಹಾಗೆಯೇ ಕೊಡುತ್ತೇವೆ ಎಂದು ಮಾತು ಕೊಟ್ಟಿರುವುದಿಲ್ಲ.

ಉಡುಪಿಯ ನ್ಯಾಯಾಲಯ ಕಂಡ ವ್ಯಾಜ್ಯ

ಕಾನೂನು ಏನನ್ನುತ್ತದೆ? ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ಆದ ತಿದ್ದುಪಡಿಯಿಂದ ಗಣಕದ ಪ್ರೋಗ್ರಾಮುಗಳೂ ಸಾಹಿತ್ಯ ಕೃತಿಗಳ ಸಾಲಿಗೆ ಸೇರಿದವು. ಬರೆದ ಕ್ಷಣದಿಂದಲೇ ಅದಕ್ಕೆ ರಕ್ಷಣೆ ಇದೆ, ನೋಂದಣಿ ಕಡ್ಡಾಯವಲ್ಲ. ಲೇಖಕರು ಬದುಕಿರುವವರೆಗೂ, ಆಮೇಲೆ 60 ವರ್ಷವೂ ಅದು ಉಳಿಯುತ್ತದೆ. ಆದರೆ ಬರಿಯ ಯೋಚನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಮೂಡಿಸಿದ ರೂಪಕ್ಕೆ ಮಾತ್ರ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಆರ್. ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ‘ಕೆ’ ಒತ್ತಿದರೆ ‘ಕ’ ಬರಲಿ ಎಂಬ ಯೋಚನೆಯನ್ನು ಯಾರೂ ಬೇಲಿ ಹಾಕಿ ಇಟ್ಟುಕೊಳ್ಳುವಂತಿಲ್ಲ. ಆ ಕೆಲಸ ಮಾಡುವ ಪ್ರೋಗ್ರಾಮಿನ ಸಾಲುಗಳಿಗೆ ಒಡೆಯರಿದ್ದಾರೆ.

ಎಲ್ಲರ ಸೊತ್ತಿನ ಮೇಲೆ ಒಬ್ಬರು ಕಟ್ಟಿದ್ದು ಯಾರದು ಎಂಬ ಪ್ರಶ್ನೆ ತಂತ್ರಾಂಶಕ್ಕಷ್ಟೇ ಸೀಮಿತವಲ್ಲ. ಉಡುಪಿಯ ನ್ಯಾಯಾಲಯದಲ್ಲೇ ಅದು ವ್ಯಾಜ್ಯವಾಗಿತ್ತು. ಯಕ್ಷಗಾನ ಯಾರೊಬ್ಬರದೂ ಅಲ್ಲ. ಅದನ್ನು ಆಧರಿಸಿ ಡಾ. ಶಿವರಾಮ ಕಾರಂತರು ಹೊಸ ಬಗೆಯ ನೃತ್ಯರೂಪಕಗಳನ್ನು ರೂಪಿಸಿದರು. ಕಾರಂತರು 1997ರಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ಆಡಿಸಿತು. ಕಾರಂತರ ಮರಣಶಾಸನದಂತೆ ಹಕ್ಕು ಪಡೆದಿದ್ದ ಬಿ. ಮಾಲಿನಿ ಮಲ್ಯ, ತಮ್ಮ ಅನುಮತಿ ಇಲ್ಲದೆ ಆಡಿಸಿದ್ದಾರೆಂದು ದಾವೆ ಹೂಡಿದರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2009ರ ಜನವರಿಯಲ್ಲಿ ಬಂದ ತೀರ್ಪು ಅವರ ಹಕ್ಕನ್ನು ಎತ್ತಿಹಿಡಿಯಿತು. ಜೊತೆಗೆ, ಶಿಕ್ಷಣ ಸಂಸ್ಥೆಗಳಿಗೆ ಕಾಯ್ದೆಯೇ ಕೊಟ್ಟಿರುವಂಥ ವಿನಾಯಿತಿಗಳು ಅಕಾಡೆಮಿಗೂ ಉಂಟು ಎಂದು ತಿಳಿಸಿತು. ಪರಂಪರೆ ಎಲ್ಲರದು, ಅದರ ಮೇಲೆ ಕಟ್ಟಿದ ಹೊಸ ಕೃತಿ ಕಟ್ಟಿದವರದು. ಅದು ಮುಂದೆ ಯಾರಿಗೆ ಎಂಬುದನ್ನು ಬರೆದಿಟ್ಟ ಕಾಗದ ತೀರ್ಮಾನಿಸಿತು.

ಪರವಾನಿಗೆ ಎಂಬ ದಾನಪತ್ರ

ಮುಕ್ತ ತಂತ್ರಾಂಶದ ಲೋಕದಲ್ಲಿ ಆ ಕಾಗದಕ್ಕೆ ಪರವಾನಿಗೆ ಎಂದು ಹೆಸರು. ಇವುಗಳಲ್ಲಿ ಎರಡು ಪ್ರಸಿದ್ಧ ಪಂಗಡಗಳಿವೆ. ರಿಚರ್ಡ್ ಸ್ಟಾಲ್ಮನ್ 1989ರಲ್ಲಿ ತಂದ ಜಿಪಿಎಲ್ ಪ್ರಕಾರ, ತಂತ್ರಾಂಶವನ್ನು ತಿದ್ದಿ ಹಂಚುವವರು ತಮ್ಮ ತಿದ್ದುಪಡಿಯನ್ನೂ ಅದೇ ಷರತ್ತಿನಲ್ಲಿ ತೆರೆದಿಡಬೇಕು. ಎಂಐಟಿ ಪರವಾನಿಗೆ ಅಷ್ಟು ಕೇಳುವುದಿಲ್ಲ. ಕರ್ತೃವಿನ ಹೆಸರನ್ನೂ ಪರವಾನಿಗೆಯ ಪಾಠವನ್ನೂ ಉಳಿಸಿಕೊಂಡರೆ ಸಾಕು, ಮುಚ್ಚಿಟ್ಟು ಮಾರಿದರೂ ಆಕ್ಷೇಪವಿಲ್ಲ. ಅಂದ ಹಾಗೆ, ಈ ಎಂಐಟಿ ನಮ್ಮ ಮಣಿಪಾಲದ್ದಲ್ಲ, ಅಮೆರಿಕದ ಮ್ಯಾಸಚೂಸೆಟ್ಸ್‌ನದು! ಯಾವುದು ನಿಜವಾದ ಸ್ವಾತಂತ್ರ್ಯ ಎಂಬ ಬಗ್ಗೆ ಎರಡು ಪಂಗಡಗಳ ಚರ್ಚೆ ಇನ್ನೂ ಮುಗಿದಿಲ್ಲ.

ಪುಕ್ಕಟೆ ಕೊಟ್ಟದ್ದರ ಷರತ್ತಿಗೆ ನ್ಯಾಯಾಲಯದಲ್ಲಿ ಬೆಲೆ ಇದೆಯೇ? ಇದಕ್ಕೆ ಉತ್ತರ ಬಂದದ್ದು ಆಟಿಕೆ ರೈಲಿನಿಂದ. ಅಮೆರಿಕದ ಭೌತವಿಜ್ಞಾನ ಪ್ರಾಧ್ಯಾಪಕ ರಾಬರ್ಟ್ ಜೇಕಬ್ಸನ್, ಮಾದರಿ ರೈಲುಗಳನ್ನು ಓಡಿಸುವ ತಂತ್ರಾಂಶವನ್ನು ಗೆಳೆಯರೊಡನೆ ಬರೆದು ಹೆಸರು ಉಳಿಸಬೇಕೆಂಬ ಷರತ್ತಿನೊಂದಿಗೆ ಹಂಚಿದ್ದರು. ಕ್ಯಾಟ್ಜರ್ ಎಂಬ ವ್ಯಾಪಾರಿ ಅದರ ಕಡತಗಳನ್ನು ಹೆಸರು ಕೈಬಿಟ್ಟು ಬಳಸಿಕೊಂಡರು. ಇಂಥ ಷರತ್ತನ್ನು ಮೀರುವುದು ಕೃತಿಸ್ವಾಮ್ಯದ ಉಲ್ಲಂಘನೆಯೂ ಆಗಬಲ್ಲದು ಎಂದು ಮೇಲ್ಮನವಿ ನ್ಯಾಯಾಲಯ 2008ರಲ್ಲಿ ಹೇಳಿತು. 2010ರಲ್ಲಿ ವ್ಯಾಪಾರಿ 1 ಲಕ್ಷ ಡಾಲರ್ ಕೊಡಲು ಒಪ್ಪಿ ರಾಜಿಯಾದರು.

ಕೋರ್ಟು ಬಿಡಿಸಲಾಗದ ಜಗಳ

ಆದರೆ ಕಾಗದದಿಂದ ಎಲ್ಲವೂ ಬಗೆಹರಿಯುವುದಿಲ್ಲ. ಮಳೆಗಾಲ ಮುಗಿದ ಮೇಲೆ ನಮ್ಮ ತೋಡುಗಳಿಗೆ ಹಾಕುತ್ತಿದ್ದ ಕಟ್ಟಗಳನ್ನು ಹಿರಿಯರು ಬಲ್ಲರು. ನೀರು ಎಲ್ಲರ ಗದ್ದೆ ತೋಟಕ್ಕೂ ಹೋಗುತ್ತದೆ, ಕಲ್ಲು ಮಣ್ಣು ಹೊರುವವರು ನಾಲ್ಕೇ ಜನ. ಮುಕ್ತ ತಂತ್ರಾಂಶದ ಪಾಡೂ ಹೀಗೆಯೇ. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ಎಂಬ ಸಣ್ಣ ತಂತ್ರಾಂಶ ಲಿನಕ್ಸ್ ಇರುವ ಅಸಂಖ್ಯ ಯಂತ್ರಗಳಲ್ಲಿದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಸಂಬಳವಿಲ್ಲದ ಒಬ್ಬ ಸ್ವಯಂಸೇವಕ. ಕೆಲಸ ನಿಧಾನವಾಯಿತೆಂದು ಕೆಲವರು ಅವರನ್ನು ಮೂದಲಿಸಿದರು. ದಣಿದಿದ್ದ ಅವರಿಗೆ ನೆರವಾಗುತ್ತ ಬಂದ ಅಪರಿಚಿತನೊಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ, 2024ರಲ್ಲಿ ಅದರೊಳಗೆ ಕಳ್ಳಬಾಗಿಲನ್ನು ಇಟ್ಟ. ಯಂತ್ರದ ಪ್ರವೇಶ ಅರ್ಧ ಸೆಕೆಂಡಿನಷ್ಟು ತಡವಾಗುವುದನ್ನು ಕಂಡು ಸಂಶಯಪಟ್ಟ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞ ಆ ವರ್ಷದ ಮಾರ್ಚ್ 29ರಂದು ಸಂಚನ್ನು ಬಯಲಿಗೆಳೆದರು. ಮೂಲ ಬರವಣಿಗೆಯನ್ನು ತೆರೆದು ನೋಡಲು ಸಾಧ್ಯವಿದ್ದದ್ದು ಅವರ ನೆರವಿಗೆ ಬಂತು. ಪರವಾನಿಗೆಯಲ್ಲಿ ಯಾವ ಲೋಪವೂ ಇರಲಿಲ್ಲ. ಇಲ್ಲದೇ ಹೋದದ್ದು ಕಟ್ಟಕ್ಕೆ ಮಣ್ಣು ಹೊರುವ ಕೈಗಳು.

ಮಕ್ಕಳಿಗೂ ಹೆತ್ತವರಿಗೂ

ಮಣಿಪಾಲ, ಕಾರ್ಕಳ ತಾಲೂಕಿನ ನಿಟ್ಟೆ, ಕಾಪು ತಾಲೂಕಿನ ಬಂಟಕಲ್ಲುಗಳ ಇಂಜಿನಿಯರಿಂಗ್ ಕಾಲೇಜುಗಳಿಗೆ ಪ್ರತಿವರ್ಷ ನಮ್ಮ ಮಕ್ಕಳು ಸೇರುತ್ತಾರೆ. ಪ್ರಾಜೆಕ್ಟ್ ಮಾಡುವಾಗ ಇತರರ ಪ್ರೋಗ್ರಾಮನ್ನು ಎತ್ತಿಕೊಳ್ಳುವುದು ಸಾಮಾನ್ಯ. ‘ಅಂತರ್ಜಾಲದಲ್ಲಿ ಸಿಕ್ಕಿತು, ಆದ್ದರಿಂದ ಬಳಸಬಹುದು’ ಎಂಬ ನಂಬಿಕೆ ತಪ್ಪು. ಪರವಾನಿಗೆ ಬರೆದಿಲ್ಲವೆಂದರೆ ಎಲ್ಲ ಹಕ್ಕೂ ಕರ್ತೃವಿನ ಕೈಯಲ್ಲೇ ಇದೆ ಎಂದು ಅರ್ಥ. ಬರೆದಿದ್ದರೆ ಅದನ್ನು ಓದಬೇಕು, ಕೇಳಿದಷ್ಟನ್ನು ನಡೆಸಬೇಕು. ತಾವೇ ಬರೆದು ಹಂಚುವಾಗ ಯಾವ ಷರತ್ತಿನಲ್ಲಿ ಕೊಡುತ್ತಿದ್ದೇವೆ ಎಂದು ಮೊದಲ ದಿನವೇ ಸೇರಿಸಬೇಕು. ಜೊತೆಗಾರರಿದ್ದರೆ ಯಾರ ಪಾಲು ಎಷ್ಟು ಎಂಬುದನ್ನೂ ಆಗಲೇ ಬರೆದಿಡುವುದು ಒಳ್ಳೆಯದು. ಸ್ನೇಹ ಚೆನ್ನಾಗಿರುವಾಗ ಬರೆಯಲು ಐದು ನಿಮಿಷ ಸಾಕು. ಕೆಟ್ಟ ಮೇಲೆ ಐದು ವರ್ಷವೂ ಸಾಲದು.

ಕಾನೂನು ಕೇಳದ ಒಂದು ಕರ್ತವ್ಯವೂ ಇದೆ. ಯಾರ ಕೆಲಸದಿಂದ ನಮಗೆ ಉಪಕಾರವಾಯಿತೋ ಅವರ ಹೆಸರನ್ನು ಹೇಳುವುದು, ಆಗುವಷ್ಟು ದುಡಿಮೆಯನ್ನು ಹಿಂದಕ್ಕೆ ಕೊಡುವುದು. ಕನ್ನಡದಲ್ಲಿ ಬೆರಳಾಡಿಸುವ ಮಗುವಿಗೆ ಈ ಕೀಲಿಗಳನ್ನು ಹೀಗೆ ಜೋಡಿಸಿದವರು ಕೆ. ಪಿ. ರಾವ್ ಎಂದು ಮನೆಯಲ್ಲೋ ಶಾಲೆಯಲ್ಲೋ ಒಮ್ಮೆ ತಿಳಿಸಿದರೆ, ಪಟ್ಟಿಯಿಂದ ಉದುರಿದ ಹೆಸರು ಮಗುವಿನ ಮನಸ್ಸಿನಲ್ಲಾದರೂ ಉಳಿದೀತು.